ಬದನೆಗೊಂದು ತಗಡಿನ ಬಿಲ್ಲೆ

ನಮ್ಮ ಚಿಕ್ಕಪ್ಪನಂಥ ಜಿಪುಣರು ಚಿನ್ನದ ಗಣಿಗಳ ಊರಾದ ಚಾಂಪಿಯನ್ ರೀಫ್ಸ್‌ನಲ್ಲಿ ಇನ್ನೊಬ್ಬರಿಲ್ಲ. ಆದರೂ ಅವರ ಹಿತ್ತಲಿನಲ್ಲಿ ಒಂದೊಂದು ಬದನೆ ಗಿಡಕ್ಕೂ ಗುರುತಿನ ಚೀಟಿ ಇದೆ! ಸ್ವಂತ ರೇಷನ್ ಕಾರ್ಡಿನಲ್ಲಿ ತಪ್ಪಾಗಿರುವ ಹೆಸರನ್ನು ತಿದ್ದಿಸಲು ಇವರಿಗೆ ಪುರಸೊತ್ತಿಲ್ಲ, ಬೆಂಡೆಕಾಯಿಗೆ ದಾಖಲೆ ಬೇರೆ ಕೇಡು ಎಂದು ನಾನೂ ನಕ್ಕವನೇ.

ಇದಕ್ಕೆಲ್ಲ ಕಾರಣ ಚಿಕ್ಕಮ್ಮ. ಬೂದಿಕೋಟೆಯ ರೈತರ ಮನೆಯ ಹೆಣ್ಣು. ಗಣಿ ಕ್ವಾರ್ಟರ್ಸಿನ ಹಿಂದಿನ ಅಂಗೈಯಗಲ ಜಾಗದಲ್ಲೇ ಮನೆಗಾಗಿ ಮಿಕ್ಕುವಷ್ಟು ತರಕಾರಿ ಬೆಳೆದವರು. ಈಚೆಗೆ ಸಕ್ಕರೆ ಕಾಯಿಲೆ ಕಣ್ಣಿಗಿಳಿದು ಎಲ್ಲವೂ ಮಬ್ಬು. ಒಂದು ಬೆಳಿಗ್ಗೆ ಆ ಕಣ್ಣನ್ನೇ ನಂಬಿ, ಕಳೆಯೆಂದು ತಿಳಿದು ಒಂದು ಪಾತಿ ಟೊಮೇಟೊ ಸಸಿಗಳನ್ನು ಪೂರ್ತಿ ಕಿತ್ತುಹಾಕಿಬಿಟ್ಟರು. ಗೊತ್ತಾದ ಮೇಲೆ ಕೈ ತೊಳೆದುಕೊಂಡು ಒಳಗೆ ಬಂದು ಕೂತರು.

"ಇನ್ನ ನಾನು ತೋಟಕ್ಕೆ ಕಾಲಿಕ್ಕಲ್ಲ" ಎಂದರು. ಅಷ್ಟೇ. ಆಮೇಲೆ ಮಾತೇ ಇಲ್ಲ. ಚಿಕ್ಕಪ್ಪನಿಗೆ ದಿನಾ ಬೀಳುತ್ತಿದ್ದ ಬೈಗುಳವೂ ನಿಂತುಹೋಯಿತು. ಬೇರೆ ಗಂಡಂದಿರಾಗಿದ್ದರೆ ದೇವರಿಗೆ ತೆಂಗಿನಕಾಯಿ ಒಡೆಯುತ್ತಿದ್ದರು. ಇವರಿಗೋ, ಎರಡೇ ದಿನಕ್ಕೆ ಅನ್ನ ಸೇರದಾಯಿತು. ಹೇಗಾದರೂ ಮಾಡಿ ಅವಳನ್ನು ಮತ್ತೆ ತೋಟಕ್ಕಿಳಿಸಬೇಕು ಎಂದು ಹಟ ಹಿಡಿದರು.

ಮೊದಲು ಒಡೆದ ಹೆಂಚಿನ ಚೂರುಗಳ ಮೇಲೆ ಸುಣ್ಣದಲ್ಲಿ ದಪ್ಪದಪ್ಪ ಅಕ್ಷರ ಬರೆದು ಗಿಡಕ್ಕೊಂದರಂತೆ ನಿಲ್ಲಿಸಿದರು. ಸಂಜೆ ಮಳೆ ಬಂತು. ಸುಣ್ಣ ಬುಡಕ್ಕಿಳಿದು ಗಿಡಗಳಿಗೆ ಒಳ್ಳೆಯ ಗೊಬ್ಬರವಾಯಿತು!

ಎರಡನೆಯದು ಐಸ್‌ಕ್ಯಾಂಡಿ ಕಡ್ಡಿ. ಬಂಗಾರಪೇಟೆ ಸ್ಟೇಷನ್ನಿನ ಹತ್ತಿರ ಅಂಗಡಿಯ ಮುಂದೆ ಬಿದ್ದ ಕಡ್ಡಿಗಳನ್ನು ಬಗ್ಗಿ ಬಗ್ಗಿ ಆಯುತ್ತಿದ್ದ ಇವರನ್ನು ಕಂಡು ಯಾರೋ ಪುಣ್ಯಾತ್ಮರು ಅಯ್ಯೋ ಪಾಪ ಎಂದು ಒಂದು ಐಸ್‌ಕ್ಯಾಂಡಿ ಕೊಡಿಸಿದರಂತೆ. ಚಿಕ್ಕಪ್ಪ ನಿರಾಳವಾಗಿ ತಿಂದು, ಆ ಕಡ್ಡಿಯನ್ನೂ ಜೇಬಿಗಿಟ್ಟುಕೊಂಡು ಬಂದರು. ಹತ್ತು ದಿನದಲ್ಲಿ ಕಡ್ಡಿಗಳೆಲ್ಲ ಗೆದ್ದಲಿನ ಪಾಲಾದವು.

ನನಗೆ ತಡೆಯಲಾಗಲಿಲ್ಲ. "ಚಿಕ್ಕಪ್ಪ, ಅಂಗಡೀಲಿ ಪ್ಲಾಸ್ಟಿಕ್ ಪಟ್ಟಿ ಸಿಗ್ತವೆ. ತಂದುಕೊಡ್ಲಾ?"

"ಕಣ್ಣು ಕಾಣ್ದೋಳಿಗೆ ಪ್ಲಾಸ್ಟಿಕ್ ಆದ್ರೇನ್ಲಾ, ಚಿನ್ನದ್ ಪಟ್ಟಿ ಆದ್ರೇನ್ಲಾ? ಬರ್ದಿದ್ದು ಓದಾಕಾಗ್ಬೇಕಲ್ಲ" ಎಂದವರು ಗೆದ್ದಲು ತಿಂದ ಕಡ್ಡಿಯೊಂದನ್ನು ಎತ್ತಿ ನೋಡಿದರು. ಇಷ್ಟು ದಿನ ತಾವೇ ಬರೆದದ್ದೇನು ಮತ್ತೆ? ಆಮೇಲೆ ಮೆಲ್ಲಗೆ, "ಗಣಿಯೊಳ್ಗೆ ದೀಪ ಆರೋದ್ರೂ ನನ್ ಹಾಜ್ರಿ ಬಿಲ್ಲೆ ಮ್ಯಾಲಿನ್ ಉಬ್ಬಿದ್ ನಂಬ್ರು ಬೆರಳಿಗೇ ಗೊತ್ತಾಗ್ತಿತ್ತು ಕಣ್ಲಾ" ಎಂದರು.

ಮಾರನೆಯ ದಿನದಿಂದ ಟಣಟಣ ಶುರು. ಖಾಲಿ ಎಣ್ಣೆ ಡಬ್ಬ ಕತ್ತರಿಸಿ, ಕೈ ಕೊಯ್ಯದಂತೆ ಅಂಚು ಮಡಿಸಿ, ಹಿಂದಿನಿಂದ ಮೊಳೆ ಹೊಡೆದು, ಮುಂದಕ್ಕೆ ಉಬ್ಬುವಂತೆ ತರಕಾರಿಯ ಚಿತ್ರ ಮೂಡಿಸಿದರು. ಬದನೆ ಗುಂಡಗೆ ಬಂತು. ಆದರೆ ಬೆಂಡೆ, ಹುರುಳಿಕಾಯಿ, ಮೆಣಸಿನಕಾಯಿ ಮೂರೂ ಉದ್ದುದ್ದ! ಕೊನೆಗೆ ಮೆಣಸಿನಕಾಯಿಗೆ ಒಂದು ಚುಕ್ಕಿ, ಬೆಂಡೆಗೆ ಎರಡು, ಹುರುಳಿಕಾಯಿಗೆ ಮೂರು ಎಂದು ತೀರ್ಮಾನವಾಯಿತು. ಬಿಲ್ಲೆಗಳನ್ನು ಗಿಡಕ್ಕೊಂದರಂತೆ ಊರಿದ್ದೂ ಆಯಿತು.

ಪರೀಕ್ಷೆ ಬೇಡವೇ? ಕಣ್ಣಿಗೆ ಟವೆಲ್ ಕಟ್ಟಿಕೊಂಡು, ಬಿಲ್ಲೆಗಳನ್ನು ಕಿತ್ತು ತಡವಿ ನೋಡುತ್ತ, ಮತ್ತೆ ಊರುತ್ತ, ಹಿತ್ತಲೆಲ್ಲ ಅಂಬೆಗಾಲಿಟ್ಟರು.

ಗೋಡೆಯಾಚೆಯಿಂದ ಪಕ್ಕದ ಮನೆಯ ತಮಿಳಮ್ಮ, "ಎನ್ನ ತಾತಾ, ಈ ವಯಸ್ಸಲ್ಲಿ ಕಣ್ಣಾಮುಚ್ಚಾಲೆನಾ?" ಎಂದರು.

"ಪ್ರಾಕ್ಟೀಸ್ ಕಣಮ್ಮಾ" ಎಂದು ಚಿಕ್ಕಪ್ಪ ಗಂಭೀರವಾಗಿ ಹೇಳಿ, ನೇರವಾಗಿ ನುಗ್ಗೆ ಮರಕ್ಕೆ ತಲೆ ಹೊಡೆಸಿಕೊಂಡರು.

ಆ ಭಾನುವಾರ ಚಿಕ್ಕಮ್ಮನನ್ನು ಕರೆದರು. ಹಣೆಯ ಮೇಲೆ ಬುಗುಟು ಇನ್ನೂ ಇತ್ತು.

"ಒಂದೇ ಒಂದ್ಸಲ ಬಾರೇ."

"ಬರಲ್ಲ ಅಂದ್ನಲ್ಲ. ಇರೋ ಸಸೀನೂ ಕಿತ್ತಾಕ್ಲಾ?"

"ಕಿತ್ರೆ ಕೀಳು. ನಾನು ಮಾಡಿರೋದ್ನ ಮುಟ್ಟಿ ನೋಡ್ಬುಟ್ಟು ಒಂಟೋಗು, ಆಮೇಲೆ ಕರ್ಯಲ್ಲ."

ಕೈ ಹಿಡಿದು ಕರೆತಂದು ಪಾತಿಯ ಬದುವಿನಲ್ಲಿ ಕೂರಿಸಿದರು. ಚಿಕ್ಕಮ್ಮ ಬಿಲ್ಲೆಯ ಮೇಲೆ ಬೆರಳಾಡಿಸಿದರು. "ಗುಂಡಗೈತೆ. ಬದ್ನೆಕಾಯಾ?"

ಚಿಕ್ಕಪ್ಪ ನನ್ನತ್ತ ನೋಡಿ ಎದೆಯುಬ್ಬಿಸಿದರು. ಅಷ್ಟರಲ್ಲಿ ಚಿಕ್ಕಮ್ಮನ ಕೈ ಆ ಬಿಲ್ಲೆ ಊರಿದ್ದ ಸಸಿಗೆ ಹೋಯಿತು. ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಸವರಿದರು. ಇನ್ನೊಮ್ಮೆ ಸವರಿದರು.

"ಇದು ಬದ್ನೆ ಗಿಡಾನಾ?"

"ಊಂ."

"ನಿನ್ ತಲೆ. ಬದ್ನೆ ಎಲೆ ಒರಟಾಗಿರ್ತೈತೆ, ಇದು ನುಣ್ಣಗೈತೆ. ಮೆಣಸಿನ ಗಿಡಕ್ಕೆ ಬದ್ನೆ ಬಿಲ್ಲೆ ಇಕ್ಕಿದೀಯಲ್ಲ, ನಿಂಗೇನು ಕಣ್ಣು ಕಾಣಾಕಿಲ್ವಾ?"

ಪ್ರಾಕ್ಟೀಸಿನ ಗಡಿಬಿಡಿಯಲ್ಲಿ ಬಿಲ್ಲೆಗಳೆಲ್ಲ ಅದಲುಬದಲಾಗಿದ್ದವು. ಜೀವಮಾನವೆಲ್ಲ ನೆಲದ ಕೆಳಗೆ ದುಡಿದವರಿಗೆ ನೆಲದ ಮೇಲಿನ ಎಲೆಗಳ ಗುರುತು ಎಲ್ಲಿಂದ ಬರಬೇಕು! ಚಿಕ್ಕಮ್ಮ ಮುಂದಿನ ಸಸಿ ಮುಟ್ಟಿದರು, ಅದೂ ತಪ್ಪು. ಅದರ ಮುಂದಿನದೂ ತಪ್ಪು. ಬಿಲ್ಲೆ ಕಿತ್ತು ಗಂಡನ ಕೈಗೆ ಕೊಡುವುದು, ಅವರ ಕೈಯಿಂದ ಸರಿಯಾದದ್ದನ್ನು ತಡವಿ ತೆಗೆದು ಊರುವುದು, ನಡುನಡುವೆ ಒಂದೊಂದು ಕಳೆ ಕೀಳುವುದು. ಬೈಯುತ್ತಲೇ ಕೂತಲ್ಲಿಂದ ಸರಿಯುತ್ತ ಇಡೀ ಸಾಲು ಮುಗಿಸಿದರು. ಒಂದು ಸಸಿಗೂ ಏಟಾಗಲಿಲ್ಲ. ಚಿಕ್ಕಪ್ಪ ಪಂಚೆಯ ಮಡಿಲಲ್ಲಿ ತಗಡು ತುಂಬಿಕೊಂಡು ಹಿಂದೆ ಹಿಂದೆ ಹೋದರು. ಬೈಸಿಕೊಂಡು ಅಷ್ಟೊಂದು ಸುಖಪಟ್ಟ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಿಸಿಲೇರಿದಾಗ ಚಿಕ್ಕಮ್ಮ ಅವರ ಭುಜ ಹಿಡಿದು ಎದ್ದರು. "ನಾಳೆ ಒತ್ತಾರೇನೇ ಎಬ್ಬಿಸು. ಟೊಮೇಟೊ ಬೀಜ ಚೆಲ್ಲಬೇಕು."

ಚಿಕ್ಕಪ್ಪ "ಊಂ" ಎಂದರು. ಚಿಕ್ಕಮ್ಮನನ್ನು ಒಳಗೆ ಬಿಟ್ಟು ಬಂದವರೇ, ಟೊಮೇಟೊ ಬಿಲ್ಲೆಗೆಂದು ಇನ್ನೊಂದು ಖಾಲಿ ಎಣ್ಣೆ ಡಬ್ಬ ಹುಡುಕತೊಡಗಿದರು.