ಎರಡು ಸಲ ಬೇಡ ಎಂದವನೇ ಮೊಮ್ಮಗ

ಮನುಷ್ಯನಿಗೆ ಅಜ್ಜಿಯರು ಇಬ್ಬರು. ಐರ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ತಂಡದಲ್ಲಿ ಆಡಲು ಒಬ್ಬಳು ಸಾಕು. ಅವಳು ಈ ನೆಲದಲ್ಲಿ ಹುಟ್ಟಿರಬೇಕು, ಅಷ್ಟೆ. ಆಮೇಲೆ ಯಾವ ಹಡಗು ಹತ್ತಿದಳು, ಇಂಗ್ಲೆಂಡಿನಲ್ಲಿ ಯಾರನ್ನು ಕಟ್ಟಿಕೊಂಡಳು, ಈಗ ಇದ್ದಾಳೋ ಇಲ್ಲವೋ ಎಂಬುದನ್ನು ನಿಯಮ ಕೇಳುವುದಿಲ್ಲ. ಇಡೀ ಜಗತ್ತೇ ಒಪ್ಪಿಕೊಂಡ ನಿಯಮ ಇದಾದ್ದರಿಂದ ಇದರಲ್ಲಿ ನಗುವಂಥದ್ದೇನೂ ಇಲ್ಲ.

ನಾನು ಕೆಲಸ ಮಾಡುವುದು ಡಬ್ಲಿನ್ನಿನ ಪಚ್ಚೆ ಕಾಲ್ಚೆಂಡು ಮಂಡಳಿಯ ಅಜ್ಜಿ ವಿಭಾಗದಲ್ಲಿ. ಆಟ ಕಲಿಸುವ ವಿಭಾಗಕ್ಕೆ ನಮ್ಮ ಕಟ್ಟಡದಲ್ಲಿ ಮೆಟ್ಟಿಲ ಕೆಳಗೆ ಒಂದು ಜಾಗ ಕೊಟ್ಟಿದ್ದಾರೆ. ಅಜ್ಜಿ ವಿಭಾಗಕ್ಕೆ ಇಡೀ ಮೊದಲ ಮಹಡಿ. ನಮ್ಮ ನಿರ್ದೇಶಕರು ಮಲಾಕಿ ಟೂಹಿ ಎಂಬುವರು. ಅವರಿಗೆ ಚೆಂಡು ಕಂಡರೆ ಭಯ. ಚಿಕ್ಕಂದಿನಲ್ಲಿ ಮೂಗಿಗೆ ಬಡಿದಿತ್ತಂತೆ. ಆದ್ದರಿಂದಲೇ ಅವರ ತೀರ್ಮಾನಗಳು ಆಟದ ಪ್ರಭಾವಕ್ಕೆ ಒಳಗಾಗದೆ ನಿಷ್ಪಕ್ಷಪಾತವಾಗಿರುತ್ತವೆ.

ಮೊದಲು ನಾವು ಕಾಗದಪತ್ರ ಕೇಳುತ್ತಿದ್ದೆವು. ಬಂದವರೆಲ್ಲ, ಅಜ್ಜಿಯ ಜನನ ದಾಖಲೆ ಐರ್ಲೆಂಡಿನ ಹಳೆಯ ಅಂತರ್ಯುದ್ಧದಲ್ಲಿ ಸುಟ್ಟುಹೋಯಿತು ಎಂದರು. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ನಿಜ, ಆದರೆ ಹುಟ್ಟಿದ ದಾಖಲೆ ಸುಟ್ಟರೆ ಹೋಗುತ್ತದೆ. ಒಬ್ಬ ಆಟಗಾರ ಅಜ್ಜಿಯ ಹುಟ್ಟೂರು ಎಂದು ಬರೆದ ಹೆಸರು ವಿಚಾರಿಸಿದಾಗ ಬರ್ಮಿಂಗ್‌ಹ್ಯಾಮಿನ ಒಂದು ಐರಿಷ್ ಹೆಂಡದಂಗಡಿಯದಾಗಿತ್ತು. ಅಜ್ಜಿ ತನ್ನ ಸಂಜೆಗಳನ್ನೆಲ್ಲ ಅಲ್ಲಿಯೇ ಕಳೆದಿದ್ದರಿಂದ ಅವನಿಗೆ ಅರ್ಧ ಅಂಕ ಕೊಡಲಾಯಿತು. ಅರ್ಧ ಐರಿಷ್ ಆದವನನ್ನು ಅರ್ಧ ಆಟಕ್ಕೆ ಇಳಿಸಬಹುದೇ ಎಂಬ ಪ್ರಶ್ನೆ ಎದ್ದಾಗ ಟೂಹಿಯವರಿಗೆ ಕಾಗದದ ಮೇಲಿನ ನಂಬಿಕೆಯೇ ಹೋಯಿತು.

ಹೀಗೆ ಚಹಾ ಪರೀಕ್ಷೆ ಜಾರಿಗೆ ಬಂತು. ಸುತ್ತೋಲೆಯ ಮುಖ್ಯಾಂಶವನ್ನು ಇಲ್ಲಿ ಕೊಡುತ್ತೇನೆ:

“ಅಭ್ಯರ್ಥಿಯನ್ನು ಮಂಡಳಿಯು ಮಾನ್ಯ ಮಾಡಿದ ಅಜ್ಜಿಯೊಬ್ಬರ ಅಡುಗೆಮನೆಯಲ್ಲಿ ಕೂರಿಸತಕ್ಕದ್ದು. ಅಜ್ಜಿಯು ಚಹಾ ಬೇಕೇ ಎಂದು ಕೇಳತಕ್ಕದ್ದು. ಅಭ್ಯರ್ಥಿಯು ಬೇಡ ಎನ್ನತಕ್ಕದ್ದು. ಅಜ್ಜಿಯು ಮತ್ತೆ ಕೇಳತಕ್ಕದ್ದು; ಅಭ್ಯರ್ಥಿಯು ತೊಂದರೆ ತೆಗೆದುಕೊಳ್ಳಬೇಡಿ ಎನ್ನತಕ್ಕದ್ದು. ಮೂರನೆಯ ಸಲ ಕೇಳಿದಾಗ, ಸರಿ, ಅರ್ಧ ಕಪ್ಪು ಎಂದು ಒಪ್ಪಿ ಎರಡು ಕಪ್ಪು ಕುಡಿಯತಕ್ಕದ್ದು. ಹೀಗೆ ಮಾಡಿದವನು ಐರಿಷ್. ಅವನು ಉತ್ತೀರ್ಣನಾದ ಮನೆಯ ಅಜ್ಜಿಯನ್ನೇ ಅವನ ಅಜ್ಜಿ ಎಂದು ದಾಖಲಿಸತಕ್ಕದ್ದು.”

ಪಶ್ಚಿಮ ವಲಯಕ್ಕೆ ಮಾನ್ಯ ಅಜ್ಜಿಯಾಗಿ ಕಿಲ್‌ಡೂನ್ ಊರಿನ ನೋನಿ ಗೆರಾಟಿಯವರನ್ನು ಆರಿಸಿದೆವು. ಎಂಬತ್ತು ದಾಟಿದವರು, ಕೈಯಲ್ಲಿ ಸದಾ ಕೆಟಲ್. ನೇಮಕದ ಆದೇಶ ಹಿಡಿದು ಹೋದಾಗ ಅವರು ಓದಲಿಲ್ಲ, ನನ್ನ ಮುಖ ನೋಡಿದರು.

“ಅಲ್ಲಯ್ಯಾ, ಬಂದೋರಿಗೆ ಟೀ ಕೊಡೋಕೆ ಸರ್ಕಾರಿ ಆರ್ಡರ್ ಬೇಕಾ?”

“ಇದು ಅಧಿಕೃತ ಟೀ, ಅಜ್ಜಿ.”

“ಆಗ್ಲಿ. ಆದ್ರೆ ಒಂದು ಮಾತು. ನಮ್ಮ ಫಿಯಾಕ್ರನ್ನ ಒಂದ್ಸಲ ಹಸಿರು ಜರ್ಸೀಲಿ ನೋಡ್ಬೇಕು. ನಂಗೆ ಬೇರೆ ಆಸೆ ಏನೂ ಉಳಿದಿಲ್ಲ. ಅವನನ್ನ ಕರೀತೀನಿ ಅಂದ್ರೆ ನಿಮ್ಮ ಇಂಗ್ಲೆಂಡಿನ ಹುಡುಗರಿಗೆಲ್ಲ ಟೀ ಕಾಸ್ತೀನಿ.”

ಫಿಯಾಕ್ರ ಅವರ ಮೊಮ್ಮಗ. ತಾಯಿ ತೀರಿಕೊಂಡ ಮೇಲೆ ನೋನಿ ಅಜ್ಜಿಯೇ ಸಾಕಿದ್ದು. ಹಗಲು ಹಾಲಿನ ಲಾರಿ ಓಡಿಸುತ್ತಾನೆ, ಸಂಜೆ ಕಿಲ್‌ಡೂನ್ ತಂಡಕ್ಕೆ ಗೋಲು ಹೊಡೆಯುತ್ತಾನೆ. ವಯಸ್ಸು ಮೂವತ್ತೊಂದು. ಈ ಸಲ ತಪ್ಪಿದರೆ ಇನ್ನು ಕರೆ ಬರುವ ವಯಸ್ಸಲ್ಲ. ರಾಷ್ಟ್ರೀಯ ತಂಡ ಗೋಲಿನ ಮುಖ ಕಾಣದೆ ಒಂದು ಋತು ಕಳೆದಿತ್ತು. ಆದರೂ ಅವನ ಹೆಸರು ನಮ್ಮ ವಿಭಾಗಕ್ಕೆ ಬಂದಿರಲಿಲ್ಲ, ಏಕೆಂದರೆ ಅವನು ಎಲ್ಲಿಂದಲೂ ಬಂದವನಲ್ಲ.

ಟೂಹಿಯವರು ಅಜ್ಜಿಯ ಷರತ್ತಿಗೆ ಒಪ್ಪಿದರು. “ಆದ್ರೆ ಪರೀಕ್ಷೆ ಎಲ್ಲರಿಗೂ ಒಂದೇ,” ಎಂದರು.

“ಸಾರ್, ಅವನು ಇಲ್ಲೇ ಹುಟ್ಟಿದವನಲ್ವಾ?” ಎಂದೆ.

“ಹುಟ್ಟೋದ್ರಲ್ಲಿ ಅವನ ಪ್ರಯತ್ನ ಏನಿದೆ ಕಾರ್ಮಕ್? ಅದು ತಾನಾಗೇ ಆಗಿದ್ದು. ಇಂಗ್ಲೆಂಡಿನಿಂದ ಬರೋ ಹುಡುಗ ಐರಿಷ್ ಆಗೋಕೆ ಎಷ್ಟು ಕಷ್ಟಪಡ್ತಾನೆ, ನೋಡಿದೀಯಾ?”

ನೋಡಿದ್ದೆ. ಬೇರೆ ವಲಯದ ಅಜ್ಜಿಯೊಬ್ಬರ ಮನೆಗೆ ಮೊದಲು ಬಂದವನೊಬ್ಬ, ಅಜ್ಜಿ ಬಾಯಿ ತೆರೆದ ಕೂಡಲೇ “ಕೊಡಿ, ಎರಡು ಚಮಚ ಸಕ್ಕರೆ” ಎಂದ. ಅವನನ್ನು ಅದೇ ಸಂಜೆಯ ವಿಮಾನಕ್ಕೆ ಹತ್ತಿಸಿದೆವು. ಅವನ ಹಿಂದೆ ಬಂದವನು ಪಾಠ ಕಲಿತಿದ್ದ. ಬೇಡ ಎಂದರೆ ಬೇಡ ಎಂದು ಪಟ್ಟು ಹಿಡಿದು ಕೂತ. ಅಜ್ಜಿಯೂ ಪಟ್ಟು ಹಿಡಿದರು. ಮಧ್ಯಾಹ್ನ ಶುರುವಾದದ್ದು ಪಕ್ಕದ ಚರ್ಚಿನಲ್ಲಿ ಸಂಜೆಯ ಗಂಟೆ ಹೊಡೆದರೂ ಮುಗಿಯಲಿಲ್ಲ. ಕೊನೆಗೆ ಆ ಹುಡುಗ ಅತ್ತುಬಿಟ್ಟ. ಅತ್ತಿದ್ದಕ್ಕೆ ಅಂಕವಿಲ್ಲ.

ಇದಾದ ಮೇಲೆ ಮಂಡಳಿಯು ನಿರಾಕರಣಾ ತರಬೇತಿ ಶಿಬಿರ ತೆರೆಯಿತು. ಅದರಲ್ಲಿ ಮೊದಲಿಗನಾಗಿ ಬಂದವನು ವುಲ್ವರ್‌ಹ್ಯಾಂಪ್ಟನ್ನಿನ ಡ್ಯಾರೆನ್ ಸ್ಟಬ್ಸ್. ಬೆಟ್ಟದಂಥ ಆಳು, ಬೆಣ್ಣೆಯಂಥ ಮನಸ್ಸು. ಅವನ ವಂಶದಲ್ಲಿ ಐರಿಷ್ ಅಂಶವೆಂದರೆ ಒಂದು ನಾಯಿ ಮಾತ್ರ ಎಂದು ಅವನೇ ಹೇಳಿಕೊಂಡಿದ್ದ. ಅಂಥವನು ನೋನಿ ಅಜ್ಜಿಯ ಅಡುಗೆಮನೆಗೆ ಬಂದು, ಗೋಡೆಯ ಮೇಲಿನ ಯೇಸುವಿನ ಪಟಕ್ಕೆ ತಲೆ ಬಾಗಿಸಿ, ಕೋಟು ಬಿಚ್ಚದೆ, ಈಗಲೇ ಹೊರಡುವವನಂತೆ ಕುರ್ಚಿಯ ಅಂಚಿನಲ್ಲಿ ಕೂತ.

“ಟೀ ಕುಡೀತೀಯಾ ಮಗಾ?”

“ಅಯ್ಯೋ ಬೇಡಿ ಅಜ್ಜಿ, ಈಗಷ್ಟೇ ಕುಡಿದು ಬಂದೆ.”

“ಕೆಟಲ್ ಕಾದಿದೆ ಕಣಪ್ಪಾ.”

“ನಂಗೋಸ್ಕರ ಏಳ್ಬೇಡಿ. ಹೀಗೆ ಬಂದೆ, ಹಾಗೆ ಹೋದೆ.”

“ಸುಮ್ನಿರೋ! ಒಣದ್ರಾಕ್ಷಿ ಬ್ರೆಡ್ಡು ಕುಯ್ದಾಗಿದೆ.”

“ಸರಿ ಹಾಗಾದ್ರೆ... ಅರ್ಧ ಕಪ್ಪು.”

ಟೂಹಿಯವರ ಕಣ್ಣು ತುಂಬಿ ಬಂತು. ಡ್ಯಾರೆನ್ ಪೂರ್ಣ ಅಂಕಗಳೊಂದಿಗೆ ಕಿಲ್‌ಡೂನಿನ ನೋನಿ ಗೆರಾಟಿಯವರ ಮೊಮ್ಮಗನಾಗಿ ದಾಖಲಾದ.

ಮರುದಿನ ಫಿಯಾಕ್ರನ ಸರದಿ. ಅವನು ನೇರವಾಗಿ ಮೈದಾನದಿಂದ ಬಂದ. ಹಿಂಬಾಗಿಲಿನಿಂದ ಒಳಗೆ ನುಗ್ಗಿ, ಶೂ ಒಂದು ಮೂಲೆಗೆ, ಚೀಲ ಇನ್ನೊಂದು ಮೂಲೆಗೆ ಎಸೆದ. ನಮ್ಮನ್ನು ನೋಡಿ “ನಮಸ್ಕಾರ” ಎಂದ. ಅಜ್ಜಿ ಕೇಳಲು ಬಾಯಿ ತೆರೆಯುವ ಮೊದಲೇ ಕೆಟಲ್ ಎತ್ತಿ ತಾನೇ ಬಗ್ಗಿಸಿಕೊಂಡ. ಬ್ರೆಡ್ಡಿನ ದಪ್ಪ ತುಂಡೊಂದನ್ನು ಬಾಯಿಗೆ ತುರುಕಿಕೊಂಡು ಫ್ರಿಜ್ಜಿನ ಬಾಗಿಲು ತೆಗೆದ.

“ಅಜ್ಜೀ, ಹಾಲು ಮುಗಿದಿದೆ.”

“ಹಾಲಿನ ಲಾರಿ ಓಡ್ಸೋನು ನೀನು. ನನ್ನನ್ನ ಕೇಳ್ತೀಯಲ್ಲೋ, ಕತ್ತೆ!”

ಅಡುಗೆಮನೆಯಲ್ಲಿ ಇಬ್ಬರೇ ನಗುತ್ತಿದ್ದರು. ಟೂಹಿಯವರು ಪೆನ್ನಿನ ಮುಚ್ಚಳ ಹಾಕಿದರು. ಅವರ ಷರಾ ಹೀಗಿತ್ತು: “ನಿರಾಕರಣೆ ಸೊನ್ನೆ. ಅಭ್ಯರ್ಥಿಯು ಅಜ್ಜಿಯ ಮನೆಯಲ್ಲಿ ತನ್ನ ಸ್ವಂತ ಮನೆಯಂತೆ ವರ್ತಿಸಿರುತ್ತಾನೆ. ಐರಿಷ್ ಲಕ್ಷಣಗಳು ಕಂಡುಬಂದಿರುವುದಿಲ್ಲ.”

ನೋನಿ ಅಜ್ಜಿ ಕೆಟಲ್ಲನ್ನು ಕುಕ್ಕಿದರು. “ನನ್ನ ಮನೇಲಿ ನನ್ನ ಮೊಮ್ಮಗ ಸಂಕೋಚ ಪಡ್ಬೇಕೇನಯ್ಯಾ? ಸಂಕೋಚ ಪಡೋನು ನೆಂಟ. ತಾನೇ ತಗೊಳ್ಳೋನು ಮನೆಯೋನು. ಇಷ್ಟೂ ಗೊತ್ತಿಲ್ದೆ ಅದು ಹೇಗೆ ಆಫೀಸರಾದೆ ನೀನು?”

“ನಿಮ್ಮ ಮಾತು ಸರಿ ಅಮ್ಮಾ. ಆದ್ರೆ ನಿಯಮದಲ್ಲಿ ಮನೆಯೋರಿಗೆ ಅಂತ ಕಾಲಂ ಇಲ್ಲ.”

ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಫಿಯಾಕ್ರ ಗೊಣಗಿದ. ನಾನು ಅದನ್ನು ಬರೆದುಕೊಳ್ಳಲಿಲ್ಲ.

ಮರುಪರೀಕ್ಷೆಗೆ ಅವಕಾಶವಿತ್ತು. ಒಂದು ವಾರ ಫಿಯಾಕ್ರ ಲಾರಿ ಓಡಿಸುತ್ತಾ, ದಾರಿಯ ಹಸುಗಳಿಗೆಲ್ಲ “ಬೇಡಿ, ತೊಂದ್ರೆ ತಗೋಬೇಡಿ” ಎಂದು ಹೇಳಿ ಅಭ್ಯಾಸ ಮಾಡಿದ. ಅಜ್ಜಿಗೂ ಹೇಳಿಕೊಟ್ಟ: ನಾನು ಬೇಡ ಅಂತೀನಿ, ನೀನು ಮತ್ತೆ ಕೇಳು. ಅಜ್ಜಿ ಆಗಲಿ ಎಂದರು. ಆ ದಿನ ಅವನು ಮುಂಬಾಗಿಲಿನಿಂದ ಬಂದ, ಕುರ್ಚಿಯ ಅಂಚಿನಲ್ಲಿ ಕೂತ.

“ಟೀ ಕುಡೀತೀಯೇನೋ?”

“ಬೇಡಜ್ಜಿ.”

ಆ ಮನೆಯಲ್ಲಿ ಮೂವತ್ತೊಂದು ವರ್ಷದಲ್ಲಿ ಆ ಬಾಯಿಂದ ಆ ಮಾತು ಬಂದಿರಲಿಲ್ಲ. ಅಜ್ಜಿಗೆ ಪರೀಕ್ಷೆ, ನಿಯಮ, ನಾವು ಎಲ್ಲ ಮರೆತೇ ಹೋಯಿತು. ಕೆಟಲ್ ಬಿಟ್ಟು ಬಂದು ಅವನ ಹಣೆಯ ಮೇಲೆ ಕೈಯಿಟ್ಟರು.

“ಯಾಕೋ ಕಂದಾ, ಹುಷಾರಿಲ್ವಾ? ಜ್ವರ ಬಂದಿದೆಯಾ? ನಾಲಗೆ ತೋರ್ಸು.”

“ಅಜ್ಜೀ, ಇನ್ನೊಂದ್ಸಲ ಕೇಳಬೇಕು ನೀನು...”

“ಮಾತಾಡ್ಬೇಡ, ಹೋಗಿ ಮಲಕ್ಕೋ. ಕಾರ್ಮಕ್, ಡಾಕ್ಟರಿಗೆ ಫೋನ್ ಮಾಡಪ್ಪಾ!”

ಡಾಕ್ಟರು ಬಂದರು. ಜ್ವರ ಇರಲಿಲ್ಲ. ಎರಡನೆಯ ಸಲ ಕೇಳಿಯೇ ಇಲ್ಲವಾದ್ದರಿಂದ ಪರೀಕ್ಷೆಯೂ ನಡೆದಂತಾಗಲಿಲ್ಲ. ಅಜ್ಜಿಗೆ ವಿಷಯ ತಿಳಿದಾಗ ಒಲೆಯ ಪಕ್ಕ ಕೂತು ಏಪ್ರನ್ನಿನಲ್ಲೇ ಮುಖ ಒರೆಸಿಕೊಂಡರು. “ನಾನೇ ಕೆಡಿಸ್ದೆ” ಎಂದರು.

ಒಂದು ಮನೆಯಲ್ಲಿ ಮರುಪರೀಕ್ಷೆ ಒಂದೇ ಸಲ. ಬೇರೆ ಅಜ್ಜಿಯರ ಮನೆಯಲ್ಲಿ ಪರೀಕ್ಷಿಸೋಣವೆಂದರೆ ದೇಶದಲ್ಲಿ ಅವನು ಆಡದ ಊರಿಲ್ಲ, ಹೊಟ್ಟೆ ತುಂಬ ತಿನ್ನದ ಅಡುಗೆಮನೆಯಿಲ್ಲ. ಎಲ್ಲೆಲ್ಲೂ ಅವನು ಮನೆಮಗನೇ. ಅವನಿಗೆ ಸಂಕೋಚವಾಗುವಂಥ ಅಜ್ಜಿಯೊಬ್ಬಳು ಈ ನೆಲದಲ್ಲಿ ಸಿಗಲಿಲ್ಲ.

ಆಗ ಟೂಹಿಯವರ ತಲೆ ಕೆಲಸ ಮಾಡಿತು. ಡ್ಯಾರೆನ್ ಈಗ ನೋನಿಯವರ ಮೊಮ್ಮಗ. ಮನುಷ್ಯನಿಗೆ ಅಜ್ಜಿಯರು ಇಬ್ಬರು. ಹಾಗಾದರೆ ವುಲ್ವರ್‌ಹ್ಯಾಂಪ್ಟನ್ನಿನಲ್ಲಿರುವ ಅವನ ಇನ್ನೊಬ್ಬ ಅಜ್ಜಿ ಎಡ್ನಾ ಸ್ಟಬ್ಸ್ ನೋನಿಯವರಿಗೆ ಏನಾಗಬೇಕು? ಬೀಗಿತ್ತಿ. ಕಿಲ್‌ಡೂನಿನ ಗೆರಾಟಿ ಮನೆತನದ ಬೀಗಿತ್ತಿ ಐರಿಷ್ ಅಲ್ಲದೆ ಇನ್ನೇನು? ಎಡ್ನಾ ಅಜ್ಜಿ ಜೀವಮಾನದಲ್ಲಿ ಪಶ್ಚಿಮಕ್ಕೆ ವೇಲ್ಸಿನ ಕಡಲತೀರದಿಂದಾಚೆ ಹೋದವರಲ್ಲ, ಐರ್ಲೆಂಡನ್ನು ಕಂಡವರೇ ಅಲ್ಲ. ಅವರಿಗೆ ಅಂಚೆಯಲ್ಲಿ ಮಾನ್ಯತಾ ಪತ್ರ ಹೋಯಿತು. ಅದಕ್ಕೆ ಚೌಕಟ್ಟು ಹಾಕಿಸಿ ಬಚ್ಚಲಮನೆಯ ಬಾಗಿಲಿಗೆ ತೂಗುಹಾಕಿಕೊಂಡರು ಎಂದು ತಿಳಿದುಬಂತು.

“ಫಿಯಾಕ್ರ ಅಲ್ಲಿ ಪಾಸಾದ್ರೆ ಆಡಬಹುದು,” ಎಂದು ಟೂಹಿಯವರು ನೋನಿ ಅಜ್ಜಿಗೆ ವಿವರಿಸಿದರು. “ಆದ್ರೆ ಆಮೇಲೆ ಅವನಿಗೆ ಮನೆ ಅಂದ್ರೆ ಎಡ್ನಾ ಅವರದ್ದು. ಉಳಿದ ಮನೆಗಳಲ್ಲಿ ಅವನು ನೆಂಟ. ನಿಮ್ಮ ಮನೇಲೂ ಅಷ್ಟೇ. ನಮ್ಮ ತಪಾಸಣೆ ಇರುತ್ತೆ. ಕೆಟಲ್ ಮುಟ್ಟಿದ್ರೆ ಸರ್ಟಿಫಿಕೇಟ್ ರದ್ದು.”

ಫಿಯಾಕ್ರ ಎದ್ದು ನಿಂತ. “ನಂಗೆ ಬೇಡ ಈ ಆಟ. ನಡೀರಿ ನೀವು.”

“ಕೂತ್ಕೊಳೋ,” ಎಂದರು ಅಜ್ಜಿ. “ನಿನ್ನಮ್ಮನಿಗೂ ಇದೇ ಆಸೆ ಇತ್ತು. ಹಸಿರು ಜರ್ಸೀಲಿ ನೋಡ್ತೀನಿ, ಆಮೇಲೆ ನೆಂಟ ಆದ್ರೂ ಆಗು, ಭೂತ ಆದ್ರೂ ಆಗು.”

ವುಲ್ವರ್‌ಹ್ಯಾಂಪ್ಟನ್ನಿಗೆ ಅವನನ್ನು ಕರೆದುಕೊಂಡು ಹೋದವನು ನಾನೇ. ಗುರುತಿಲ್ಲದ ಊರು, ಗುರುತಿಲ್ಲದ ಮನೆ. ಪಾಪ, ಹುಡುಗ ಹಿಡಿಯಷ್ಟಾಗಿ ಕೂತಿದ್ದ. ಎಡ್ನಾ ಅಜ್ಜಿ ಚಹಾ ಬೇಕೇ ಎಂದಾಗ ಬೇಡ ಎಂದ; ನಿಜವಾಗಿಯೂ ಬೇಡವಾಗಿತ್ತು. ಎರಡನೆಯ ಸಲವೂ ಬೇಡ ಎಂದ. ಆ ದೇಶದಲ್ಲಿ ಎರಡನೆಯ ಸಲ ಕೇಳುವುದೇ ಇಲ್ಲವಾದ್ದರಿಂದ ಎಡ್ನಾ ಅಜ್ಜಿಗೆ ಮಂಡಳಿಯ ವತಿಯಿಂದ ಮೊದಲೇ ತರಬೇತಿ ಕೊಡಲಾಗಿತ್ತು. ಮೂರನೆಯದಕ್ಕೆ ಅರ್ಧ ಕಪ್ಪು ಒಪ್ಪಿಕೊಂಡ. ವಿಭಾಗದ ಇತಿಹಾಸದಲ್ಲೇ ಅಷ್ಟು ಸಹಜವಾದ ಸಂಕೋಚವನ್ನು ಯಾರೂ ಕಂಡಿರಲಿಲ್ಲ. ಹೀಗೆ ಕಿಲ್‌ಡೂನಿನ ಫಿಯಾಕ್ರ ಗೆರಾಟಿ, ಇಂಗ್ಲೆಂಡಿನ ಎಡ್ನಾ ಸ್ಟಬ್ಸ್ ಅವರ ಮೊಮ್ಮಗನೆಂಬ ಆಧಾರದ ಮೇಲೆ ಐರಿಷ್ ಆದ.

ಪಂದ್ಯ ಡಬ್ಲಿನ್ನಿನಲ್ಲೇ ನಡೆಯಿತು. ಬೀಗಿತ್ತಿಯರಿಬ್ಬರೂ ಒಂದೇ ಕಂಬಳಿ ಹೊದ್ದು ಅಕ್ಕಪಕ್ಕ ಕೂತಿದ್ದರು. ಧ್ವನಿವರ್ಧಕದಲ್ಲಿ ಪ್ರಕಟಣೆ ಬಂತು: “ಒಂಬತ್ತನೆಯ ಸಂಖ್ಯೆ, ಕಿಲ್‌ಡೂನಿನ ಶ್ರೀಮತಿ ನೋನಿ ಗೆರಾಟಿಯವರ ಮೊಮ್ಮಗ, ಡ್ಯಾರೆನ್ ಸ್ಟಬ್ಸ್! ಹತ್ತನೆಯ ಸಂಖ್ಯೆ, ವುಲ್ವರ್‌ಹ್ಯಾಂಪ್ಟನ್ನಿನ ಶ್ರೀಮತಿ ಎಡ್ನಾ ಸ್ಟಬ್ಸ್ ಅವರ ಮೊಮ್ಮಗ, ಫಿಯಾಕ್ರ ಗೆರಾಟಿ!” ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಿಲ್‌ಡೂನಿನಿಂದ ಬಸ್ಸು ಮಾಡಿಕೊಂಡು ಬಂದವರೂ ತಟ್ಟಿದರು. ಡ್ಯಾರೆನ್ ಕೊಟ್ಟ ಚೆಂಡನ್ನು ಫಿಯಾಕ್ರ ತಲೆಯಿಂದ ಒಳಗೆ ಹಾಕಿದ. ನೋನಿ ಅಜ್ಜಿ ಹಸಿರು ಜರ್ಸಿಯನ್ನೇ ನೋಡುತ್ತಾ, ಪಕ್ಕದಲ್ಲಿದ್ದ ಬೀಗಿತ್ತಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದರು. ಎಡ್ನಾ ಅಜ್ಜಿಗೆ ಬೆರಳು ನೋಯುತ್ತಿತ್ತಂತೆ, ಸಂಕೋಚಪಟ್ಟು ಹೇಳಲಿಲ್ಲವಂತೆ.

ಈಗ ಕಿಲ್‌ಡೂನಿನಲ್ಲಿ ಎಲ್ಲರೂ ಮುಂಬಾಗಿಲಿನಿಂದಲೇ ಓಡಾಡುತ್ತಾರೆ. ಆಟದ ಆಸೆಯಿರುವ ಮಕ್ಕಳಿಗೆ ಅಜ್ಜಿಯ ಮನೆಯಲ್ಲಿ ಬೇಡ ಎನ್ನುವುದನ್ನು ತಾಯಂದಿರು ಕಲಿಸುತ್ತಿದ್ದಾರೆ. ಅಜ್ಜಿಯಿಲ್ಲದ ಮನೆ, ಮಜ್ಜಿಗೆಯಿಲ್ಲದ ಊಟ ಒಂದೇ ಎನ್ನುತ್ತಾರಲ್ಲ, ಅಜ್ಜಿಯಿದ್ದ ಮನೆಗಳಲ್ಲೂ ಸದ್ಯಕ್ಕೆ ಶಿಸ್ತು ನೆಲೆಸಿದೆ.

ಕಳೆದ ಭಾನುವಾರ ತಪಾಸಣೆಗೆಂದು ನೋನಿ ಅಜ್ಜಿಯ ಮನೆಗೆ ಹೋಗಿದ್ದೆ. ಫಿಯಾಕ್ರ ಕೋಟು ಬಿಚ್ಚದೆ ಕುರ್ಚಿಯ ಅಂಚಿನಲ್ಲಿ ಕೂತಿದ್ದ.

“ಟೀ ತಗೋತೀರಾ?” ಎಂದರು ಅಜ್ಜಿ.

“ಬೇಡಿ,” ಎಂದ.

ಅಜ್ಜಿಯ ಕೈ ಅವನ ಹಣೆಯ ಕಡೆಗೆ ಹೊರಟಿತ್ತು. ನನ್ನನ್ನು ನೋಡಿ ಅರ್ಧದಲ್ಲೇ ತಿರುಗಿ ಬ್ರೆಡ್ಡಿನ ತಟ್ಟೆ ಎತ್ತಿಕೊಂಡಿತು. “ಸಂಕೋಚ ಪಟ್ಕೋಬೇಡಿ. ದೂರದಿಂದ ಬಂದಿದೀರಿ.”

ಅಷ್ಟರಲ್ಲಿ ಹಿಂಬಾಗಿಲು ದಡಾರನೆ ತೆರೆಯಿತು. ಡ್ಯಾರೆನ್ ಶೂ ಮೂಲೆಗೆಸೆದು ಒಳಗೆ ಬಂದ, ಕೆಟಲ್ ಎತ್ತಿ ಬಗ್ಗಿಸಿಕೊಂಡ, ಫ್ರಿಜ್ಜಿನ ಬಾಗಿಲು ತೆಗೆದ.

“ಅಜ್ಜೀ, ಹಾಲು ಮುಗಿದಿದೆ.”

ಯಾರೂ ನಗಲಿಲ್ಲ. ಎಲ್ಲವೂ ನಿಯಮದ ಪ್ರಕಾರ ನಡೆಯುತ್ತಿದೆ ಎಂದು ಬರೆದುಕೊಂಡೆ. ಫಿಯಾಕ್ರನಿಗೆ ಮೂರನೆಯ ಸಲವೂ ಕೇಳಿ, ಅರ್ಧ ಕಪ್ಪು ಬಗ್ಗಿಸಿದ ಮೇಲೆ ಅಜ್ಜಿ ನನ್ನ ಕಡೆ ತಿರುಗಿದರು.

“ನಿಂಗೂ ಟೀ ಬೇಕಾ?”

“ಬೇಡಿ ಅಜ್ಜಿ,” ಎಂದೆ.

“ಸರಿ,” ಎಂದು ಕೆಟಲ್ ಕೆಳಗಿಟ್ಟರು.