ಪೀಟ್ ಹುಡುಕಿದ್ದು

ಕುಂಡದ ಮಣ್ಣು ಕಲಸುವವನನ್ನು ನಗೆಯ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ೧೯೭೦ರ ಆಚೀಚೆ ನಾನು ನಾಸಿಕದ ಕಡೆ, ಓಝರ್ ಹತ್ತಿರದ ಕಾರ್ಖಾನೆಯ ಕಾಲೊನಿಯಲ್ಲಿ ತೋಟದ ಮೇಸ್ತ್ರಿಯಾಗಿದ್ದೆ. ನಮ್ಮ ಸಾಹೇಬರು ಧಾರವಾಡದವರು, ಹೂವಿನ ಹುಚ್ಚು; ಅದರಲ್ಲೂ ಬೆಗೋನಿಯಾ ಹೂವೆಂದರೆ ಜೀವ. ಅವರ ಇಂಗ್ಲಿಷ್ ಪುಸ್ತಕದಲ್ಲಿ ಪುಟಪುಟಕ್ಕೂ 'ಪೀಟ್' ಎಂದಿತ್ತು. ಚಳಿ ದೇಶದ ಜೌಗಿನಲ್ಲಿ ಪಾಚಿ ಕೊಳೆತು ಆಗುವ ಕಪ್ಪು, ಹಗುರ ಮಣ್ಣಂತೆ ಅದು. "ಅದು ಸಿಗಬೇಕು, ಇಲ್ಲಾ ಅದರಂಥಾದ್ದು ಸಿಗಬೇಕು" ಎಂದು ನನ್ನನ್ನು ಅಟ್ಟಿದರು.

ಯಾವ ಪೀಟು?

ನಾಸಿಕದ ಗೊಬ್ಬರದ ಅಂಗಡಿಯಲ್ಲಿ ಪೀಟ್ ಕೇಳಿದೆ. ಅಂಗಡಿಯವ ಪಕ್ಕದ ಹಿಟ್ಟಿನ ಗಿರಣಿ ತೋರಿಸಿದ. ಮರಾಠಿಯಲ್ಲಿ 'ಪೀಠ' ಎಂದರೆ ಹಿಟ್ಟು!

"ಜೋಳದ್ದೋ, ಕಡಲೆದೋ?" ಎಂದಳು ಗಿರಣಿಯಾಕೆ.

"ಬೆಗೋನಿಯಾಕ್ಕೆ ಬೇಕು, ಅಕ್ಕಾ."

ಆಕೆ ಸ್ವಲ್ಪ ಯೋಚಿಸಿದಳು. "ಆ ಹೆಸರಿನ ಭಜಿ ನಾನು ತಿಂದಿಲ್ಲ. ಆದರೂ ಕಡಲೆದೇ ಒಯ್ಯಿರಿ."

ಚಹಾಪುಡಿ

ಕುದಿಸಿ ಬಿಟ್ಟ ಚಹಾಪುಡಿ ಮಣ್ಣನ್ನು ಹಗುರ ಮಾಡುತ್ತದೆಂದು ಯಾರೋ ಹೇಳಿದರು. ಔರಂಗಾಬಾದಿಗೆ ಹೋದಾಗ, ಉಡುಪಿ ಕಡೆಯ ಹೋಟೆಲ್ ಮಾಲೀಕರನ್ನು ಗಿರಾಕಿಗಳ ಎದುರಿಗೇ ಕೇಳಿಬಿಟ್ಟೆ: "ಕುದಿಸಿದ ಚಹಾಪುಡಿ ಕೊಡ್ತೀರೇನ್ರಿ? ಗಿಡಕ್ಕ ಬೇಕಾಗೇದ."

ಅವರು ನನ್ನನ್ನು ಅಡುಗೆಮನೆಗೆ ಎಳೆದೊಯ್ದರು. "ಮೆಲ್ಲಗೆ ಮಾತಾಡಿ ಮಾರಾಯ್ರೇ! ನಾವು ಅದನ್ನೇ ನಾಲ್ಕು ಸಲ ಕುದಿಸಿ ಬಿಟ್ಟ ಮೇಲೆ ಅದರಲ್ಲಿ ಗಿಡಕ್ಕೆ ಎಂತ ಉಳೀತದೆ?"

ಖರೇ ಪೀಟು

ಕಡೆಗೆ ತೆಂಗಿನ ನಾರಿನ ಪುಡಿಗೆ ಹಳೇ ಸಗಣಿಗೊಬ್ಬರ ಬೆರೆಸಿದೆ. ಗಿಡಗಳು ಚೆನ್ನಾಗಿಯೇ ಬಂದವು. ಸಾಹೇಬರಿಗೆ ಮಾತ್ರ ಸಮಾಧಾನವಿಲ್ಲ: "ಇದು ಗಾದಿಯೊಳಗ ತುಂಬೋ ಸರಕು!"

ಅಷ್ಟರಲ್ಲಿ ಅವರ ಗೆಳೆಯರೊಬ್ಬರು ರಷ್ಯಾದಿಂದ ಒಂದು ಚೀಲ ಖರೇ ಪೀಟ್ ತಂದುಕೊಟ್ಟರು. ಪ್ರದರ್ಶನದ ಬೆಗೋನಿಯಾಗಳನ್ನು ಅದರಲ್ಲೇ ನೆಡಲು ಹೇಳಿ ಸಾಹೇಬರು ಮುಂಬಯಿಗೆ ಹೋದರು. ಮರುದಿನ ಅವರ ಮನೆಗೆ ಹೋದರೆ ಚೀಲ ಖಾಲಿ! ಸಾಹೇಬರ ತಾಯಿ ಬಚ್ಚಲೊಲೆಯ ಮುಂದೆ ಕೂತಿದ್ದರು.

"ಅವ್ವಾರ, ಇದರಾಗಿನ ಮಣ್ಣು?"

"ಮಣ್ಣೆಲ್ಲೀದಪಾ? ಒಣಗಿದ ಸಗಣಿ ಹೆಂಟಿ ಇದ್ದವು. ಭಾಳ ಛಲೋ ಉರದವು."

ಒಣಗಿದ ಪೀಟು ಸೌದೆಯಂತೆ ಉರಿಯುತ್ತದೆಂದು ನನಗೆ ಆಗಲೇ ಗೊತ್ತಾಯಿತು. ಹೇಳಿದರೆ ಆ ಮುದುಕಿಗೆ ಬೈಗುಳ, ನನಗೆ ವರ್ಗ. ಬಾಯಿ ಮುಚ್ಚಿಕೊಂಡು ಕುಂಡಗಳಿಗೆ ನಮ್ಮ ನಾರಿನ ಮಣ್ಣನ್ನೇ ತುಂಬಿದೆ.

ಎರಡು ತಿಂಗಳಿಗೆ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು. ಸಾಹೇಬರು ಅತಿಥಿಗಳನ್ನು ಮನೆಗೆ ಕರೆದು ಕುಂಡ ತೋರಿಸಿದರು. "ಪರದೇಶದ ಪೀಟ್ ಅಂದ್ರ ಇದು ನೋಡ್ರಿ! ಆ ಚೀಲ ಬರದಿದ್ರ ಇದೆಲ್ಲಾ ಆಗ್ತಿತ್ತೇನು?" ಎಂದು ನನ್ನ ಕಡೆ ಹುಬ್ಬು ಹಾರಿಸಿದರು.

ಚಹಾ ತಂದ ತಾಯಿ ತಲೆದೂಗಿದರು. "ಖರೇ ಅದ ತಮ್ಮಾ. ಅಂಥಾದ್ದು ಇನ್ನೊಂದು ಚೀಲ ತರಸು. ನಾಕು ಹೆಂಟಿ ಹಾಕಿದ್ರ ಹಂಡೆ ನೀರು ಕೊತಕೊತ ಕುದೀತದ!"