ಅಮೃತಬಾಯಿಯ ಖಾತೆಯಲ್ಲಿ ಹನ್ನೆರಡು ಮನೆಯ ಕುರಿ

ವೈಯಕ್ತಿಕ ಆದಾಯ ನಿಗಾ ಇಲಾಖೆ
ಗಡಿ ಉಪಕಚೇರಿ, ಜಹೀರಾಬಾದ್
(ಹೆದ್ದಾರಿ ಪಕ್ಕ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯ ಮಾಳಿಗೆ, ಮೆಟ್ಟಿಲು ಹಿಂದಿನಿಂದ)

ಸಂಖ್ಯೆ: ವೈಆನಿಇ/ಗಡಿ/ಬದಲಾವಣೆಯ ಬದಲಾವಣೆ/07/2026-27
ದಿನಾಂಕ: 21-08-2026

ಸುತ್ತೋಲೆ

ವಿಷಯ: ವ್ಯಕ್ತಿಗಳ ಆದಾಯ ತೆರಿಗೆ ನಿಯಮಗಳಲ್ಲಿ ಈ ಸಾಲಿನ ವಾರ್ಷಿಕ ಬದಲಾವಣೆ, ಹಾಗೂ ಬೊಮ್ರಾಸಪೇಟ್ ಮಂಡಲದ ಕುರಿ ಸಾಕಣೆದಾರರು ಒಬ್ಬರನ್ನೊಬ್ಬರು ನಂಬುತ್ತಿರುವ ಬಗ್ಗೆ.

ಉಲ್ಲೇಖ: (ಅ) ಕಳೆದ ಸಾಲಿನ ಸುತ್ತೋಲೆ (ರದ್ದಾಗಿದೆ).
(ಆ) ಅದನ್ನು ರದ್ದುಪಡಿಸಿದ ಸುತ್ತೋಲೆ (ಅದೂ ರದ್ದಾಗಿದೆ).
(ಇ) ಶ್ರೀಮತಿ ಅಮೃತಬಾಯಿ ಇವರ ವಿಚಾರಣೆಯ ಟಿಪ್ಪಣಿ.

ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು ಭಾಗದ ಎಲ್ಲ ವ್ಯಕ್ತಿಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿಯಮಗಳು ಎಂದಿನಂತೆ ಬದಲಾಗಿವೆ. ವ್ಯಕ್ತಿ ಎಂದರೆ ಉಸಿರಾಡುತ್ತಿರುವ ಹಾಗೂ ಮೊಬೈಲಿಗೆ ಒಟಿಪಿ ಬರುತ್ತಿರುವ ಯಾರೇ ಆಗಿರಬಹುದು. ಎರಡರಲ್ಲಿ ಒಂದೇ ಇದ್ದಲ್ಲಿ ಒಟಿಪಿಯನ್ನು ಪರಿಗಣಿಸಲಾಗುವುದು. ಈ ಭಾಗದವರಿಗೆ ಕನ್ನಡ, ತೆಲುಗು, ಉರ್ದು ಮೂರೂ ಬರುವುದರಿಂದ ಸುತ್ತೋಲೆಯನ್ನು ಮೂರರಲ್ಲೂ ಹೊರಡಿಸಲಾಗಿದೆ. ಒಂದರಲ್ಲಿ ಅರ್ಥವಾಗಿಬಿಟ್ಟರೆ ಉಳಿದೆರಡನ್ನು ನೋಡತಕ್ಕದ್ದು. ಇದಲ್ಲದೆ, ಅಮೃತಬಾಯಿ ಎಂಬವರ ವಿಧವಾ ಪಿಂಚಣಿ ನಿಂತಿರುವುದು ಸರಿಯೇ ಎಂದು ಕೆಲವರು ಕೇಳಿರುತ್ತಾರೆ. ಸರಿ ಎಂಬ ಉತ್ತರವನ್ನು ಮೊದಲೇ ತೀರ್ಮಾನಿಸಿ, ಕಾರಣಗಳನ್ನು ಕೆಳಗೆ ಹೊಂದಿಸಲಾಗಿದೆ.

1. ಹಿಂದಿನ ವರ್ಷ, ಮೌಲ್ಯಮಾಪನ ವರ್ಷ ಎಂದು ಎರಡು ಇದ್ದುದನ್ನು ಈಗ ತೆರಿಗೆ ವರ್ಷ ಎಂಬ ಒಂದೇ ವರ್ಷವನ್ನಾಗಿ ಮಾಡಲಾಗಿದೆ. ಅವೆರಡರ ವ್ಯತ್ಯಾಸವನ್ನು ಕಷ್ಟಪಟ್ಟು ಕಲಿತಿದ್ದವರು ಕೂಡಲೇ ಮರೆಯತಕ್ಕದ್ದು. ಮರೆತಿರುವ ಬಗ್ಗೆ ಸ್ವಯಂ ದೃಢೀಕರಿಸಿದ ಪತ್ರವನ್ನು ಎರಡು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ಏನನ್ನು ಮರೆತಿದ್ದೇವೆ ಎಂಬುದು ಪತ್ರದಲ್ಲಿ ವಿವರವಾಗಿರಬೇಕು. ಆದರೆ ಕಳೆದ ಸಾಲಿನ ಗಳಿಕೆಗೆ ಹಳೆಯ ಹೆಸರುಗಳೇ ಅನ್ವಯಿಸುವುದರಿಂದ, ಮರೆಯುವ ಮುನ್ನ ಒಮ್ಮೆ ಬಳಸಿಕೊಳ್ಳತಕ್ಕದ್ದು.

2. ನಮೂನೆಯನ್ನು ಸರಳಗೊಳಿಸಲಾಗಿದೆ. ಸರಳವಾದ ನಮೂನೆಯನ್ನು ಓದುವ ಬಗೆಯನ್ನು ತೊಂಬತ್ತನಾಲ್ಕು ಪುಟದ ಕೈಪಿಡಿಯಲ್ಲಿ ವಿವರಿಸಲಾಗಿದೆ. ತೆರಿಗೆ ಬೀಳದವರು ತಮಗೆ ತೆರಿಗೆ ಬೀಳುವುದಿಲ್ಲವೆಂದು ಸುಮ್ಮನೆ ಮನೆಯಲ್ಲಿ ಕೂರುವುದು ಇಲಾಖೆಗೆ ತೀವ್ರ ಬೇಸರ ತಂದಿದೆ. ಅಂಥವರು ನಮೂನೆಯಲ್ಲಿ ಸೊನ್ನೆ ಬರೆದು, ಆ ಸೊನ್ನೆ ತಮಗೆ ಎಲ್ಲಿಂದ ಬಂತು ಎಂಬುದಕ್ಕೆ ದಾಖಲೆ ಲಗತ್ತಿಸತಕ್ಕದ್ದು.

3. ಈಗ ಪ್ರಕರಣದ ಸಂಗತಿ. ತಾಂಡೂರು ಭಾಗದ ಬೊಮ್ರಾಸಪೇಟ್ ಮಂಡಲದ ಒಂದು ಹಟ್ಟಿಯಲ್ಲಿ ಕುರಿ ಸಾಕುವ ಹನ್ನೆರಡು ಮನೆಗಳವರು ವರ್ಷದ ಎಂಟು ತಿಂಗಳು ಮಂದೆಯ ಹಿಂದೆ ಊರೂರು ತಿರುಗುತ್ತಾರೆ. ಹಟ್ಟಿಯಲ್ಲೇ ಉಳಿಯುವವರು ನೆರೆಮನೆಯ ಅಮೃತಬಾಯಿ: ವಿಧವೆ, ಮೊಣಕಾಲು ನೋವು, ಸ್ವಂತ ಕುರಿ ನಾಲ್ಕು. ಕುರಿ ಮಾರಿದ ರೊಕ್ಕವನ್ನು ಎಲ್ಲರೂ ಮೊದಲಿನಿಂದಲೂ ಅವರ ಟ್ರಂಕಿನಲ್ಲಿ ಇಡುತ್ತ ಬಂದಿದ್ದಾರೆ. ಟ್ರಂಕಿಗೆ ಪ್ಯಾನ್ ಸಂಖ್ಯೆ ಇರದ ಕಾರಣ ಇಲಾಖೆ ಅಲ್ಲಿಯವರೆಗೆ ನೆಮ್ಮದಿಯಿಂದಿತ್ತು. ಈಗ ವ್ಯಾಪಾರಿಗಳು ಸಂತೆಯಲ್ಲೇ ಫೋನಿನಿಂದ ಹಣ ಹಾಕುತ್ತಾರೆ. ಮಂದೆಯವರ ಬಳಿ ಇರುವುದು ಬಟನ್ ಫೋನು. ಹೀಗಾಗಿ ಹನ್ನೆರಡೂ ಮನೆಯವರು ಅಮೃತಬಾಯಿಯವರ ಸ್ಕ್ಯಾನರ್ ಚೀಟಿಯನ್ನೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಂಬಳಿಯಲ್ಲಿ ಕಟ್ಟಿಕೊಂಡು ಓಡಾಡಿರುತ್ತಾರೆ. ಪರಿಣಾಮವಾಗಿ ಕಳೆದ ಸಾಲಿನಲ್ಲಿ ಅವರ ಖಾತೆಗೆ ಹದಿನೇಳು ಲಕ್ಷದ ನಲವತ್ತು ಸಾವಿರ ರೂಪಾಯಿ ಜಮೆಯಾಗಿ, ಸದರಿಯವರು ಮಂಡಲದ ಗಣ್ಯ ಶ್ರೀಮಂತರಲ್ಲಿ ಒಬ್ಬರೆಂದು ಇಲಾಖೆಯ ಕಂಪ್ಯೂಟರ್ ಹರ್ಷ ವ್ಯಕ್ತಪಡಿಸಿತು.

4. ಹಣ ಬಂದಷ್ಟೇ ಬೇಗ ಆಯಾ ಮನೆಯವರ ಖರ್ಚಿಗೆ ಹೋಗಿಯೂ ಇದೆ ಎಂದು ತಾಂಡೂರಿನಲ್ಲಿ ಡಿಗ್ರಿ ಓದುತ್ತಿರುವ ಅಮೃತಬಾಯಿಯವರ ಮಗಳು ಶಿರೀಷಾ ಬ್ಯಾಂಕಿನ ಪಟ್ಟಿ ತೋರಿಸಿದರು. ಕಂಪ್ಯೂಟರ್ ಬಂದದ್ದನ್ನು ಮಾತ್ರ ನೋಡುತ್ತದೆ ಎಂದು ಅವರಿಗೆ ಸಮಾಧಾನ ಹೇಳಲಾಯಿತು. ಯಾರ ರೊಕ್ಕ ಎಷ್ಟು ಎಂಬ ಲೆಕ್ಕ ಕೇಳಿದಾಗ ಅಮೃತಬಾಯಿಯವರು ಹನ್ನೆರಡು ಉಣ್ಣೆಯ ಹುರಿಗಳನ್ನು ಮೇಜಿನ ಮೇಲಿಟ್ಟರು. ಮನೆಗೊಂದು ಹುರಿ, ಐದು ಸಾವಿರಕ್ಕೊಂದು ಗಂಟು. ಒಟ್ಟು ಬ್ಯಾಂಕಿನ ಪಟ್ಟಿಗೆ ಸರಿಯಾಗಿ ತಾಳೆಯಾಗಿದ್ದು, ಇದು ಅನುಮಾನಕ್ಕೆ ಮುಖ್ಯ ಕಾರಣವಾಗಿದೆ. ಇನ್ನು ಮುಂದೆ ಹುರಿಗಳನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ಪ್ರತಿ ಗಂಟಿನ ಮೇಲೂ ಸಹಿ ಇರಬೇಕು. ಪರಿಶೀಲನೆಯ ವೇಳೆ ಮೌನೇಶ ಎಂಬವರ ಹುರಿಯಲ್ಲಿ ಒಂದು ಗಂಟು ಸಿಬ್ಬಂದಿಯ ಕೈಯಲ್ಲಿ ಬಿಚ್ಚಿಹೋಗಿದ್ದು, ಅಷ್ಟರ ಮಟ್ಟಿಗೆ ಅವರು ಬಡವರಾಗಿರುವುದನ್ನು ದಾಖಲಿಸಲಾಗಿದೆ.

5. ನಿಷ್ಪಕ್ಷಪಾತ ದೃಷ್ಟಿಯಿಂದ, ತಾಂಡೂರು ಕಡೆಯವರ ಅಹವಾಲನ್ನು ನಾರಾಯಣಖೇಡದಲ್ಲಿ, ನಾರಾಯಣಖೇಡದವರದನ್ನು ಜಹೀರಾಬಾದಿನಲ್ಲಿ, ಜಹೀರಾಬಾದಿನವರದನ್ನು ತಾಂಡೂರಿನಲ್ಲಿ ಆಲಿಸಲಾಗುವುದು. ಎಲ್ಲರೂ ಬಸ್ಸಿನಲ್ಲಿ ಎದುರುಬದುರಾದರೆ ಪರಸ್ಪರ ಕೈ ಬೀಸಬಹುದು. ಕರಣಕೋಟದ ಸಿಮೆಂಟ್ ಕಾರ್ಖಾನೆಯ ನೌಕರರಿಗೆ ಸಂಬಳದಲ್ಲೇ ಕಡಿತವಾಗುವುದರಿಂದ ಅವರು ಎಲ್ಲಿಗೂ ಹೋಗಬೇಕಾಗಿಲ್ಲ. ಹೋದವರ ಮೇಲೆ ನಿಗಾ ಇಡಲಾಗುವುದು.

6. ಮಂದೆಯನ್ನು ರೈತರ ಹೊಲದಲ್ಲಿ ತಂಗಿಸಿ, ಗೊಬ್ಬರಕ್ಕಾಗಿ ಪಡೆಯುವ ಜೋಳ ಅಥವಾ ರೊಕ್ಕದ ಕುರಿತು. ಹಿಕ್ಕೆ ಹೊಲದೊಳಗೆ ಬಿದ್ದಲ್ಲಿ ಕೃಷಿ ಆದಾಯ. ಹೊಲಕ್ಕೆ ಬರುವ ದಾರಿಯಲ್ಲಿ ಬಿದ್ದಲ್ಲಿ ವ್ಯಾಪಾರದ ಆದಾಯ. ಬದುವಿನ ಮೇಲೆ ಬಿದ್ದಲ್ಲಿ ತಲಾ ಅರ್ಧ. ಎಲ್ಲೆಲ್ಲಿ ಎಷ್ಟೆಷ್ಟು ಎಂಬ ದಿನವಹಿಯನ್ನು ಕುರಿವಾರು ಇಡತಕ್ಕದ್ದು. ಮಂದೆಯ ಹಿರಿಯರಾದ ಧರ್ಮಣ್ಣ ಎಂಬವರು ಈ ಬಗ್ಗೆ ಕುರಿಯನ್ನೇ ಕೇಳಬೇಕು ಎಂದು ಹೇಳಿಕೆ ನೀಡಿದ್ದಾರೆ. ಕುರಿಯ ಹೇಳಿಕೆ ಪಡೆಯಲು ಸದ್ಯದ ನಿಯಮಗಳಲ್ಲಿ ಅವಕಾಶವಿಲ್ಲ. ಪ್ರಸ್ತಾವನೆಯನ್ನು ಮೇಲಕ್ಕೆ ಕಳುಹಿಸಲಾಗಿದೆ.

7. ಇಲಾಖೆ ಕಲ್ಲುಮನಸ್ಸಿನದಲ್ಲ. ಹನ್ನೆರಡು ಮನೆಯವರು ತನಗೆ ತಿಳಿಯದಂತೆ, ಮೋಸದಿಂದ ತನ್ನ ಖಾತೆಗೆ ಹಣ ಹಾಕಿದ್ದಾರೆಂದು ಅಮೃತಬಾಯಿಯವರು ಒಂದೇ ಒಂದು ಸಾಲು ಬರೆದುಕೊಟ್ಟರೆ, ಅವರನ್ನು ಬಿಟ್ಟು ಆ ಹನ್ನೆರಡು ಜನರನ್ನು ಹಿಡಿಯಬಹುದೆಂದು ಸೂಚಿಸಲಾಯಿತು. ಸಾಲನ್ನು ಕಚೇರಿಯಲ್ಲೇ ಟೈಪು ಮಾಡಿಸಿ, ಹೆಬ್ಬೆಟ್ಟಿನ ಶಾಯಿಯನ್ನೂ ಇಲಾಖೆಯ ಖರ್ಚಿನಲ್ಲೇ ಒದಗಿಸಲಾಯಿತು. ಅವರು ನೀಡಿದ ಉತ್ತರ ಯಾವ ನಮೂನೆಗೂ ಹೊಂದದ ಕಾರಣ, ಹೇಳಿದಂತೆಯೇ ದಾಖಲಿಸಲಾಗಿದೆ:

"ಅವರು ನನಗ ಕೇಳೇ ಹಾಕ್ಯಾರ್ರಿ ಸಾಹೇಬ್ರ. ಮೋಸ ಮಾಡ್ಯಾರಂತ ಹೆಬ್ಬೆಟ್ಟು ಒತ್ತಿದ್ರ ನಾಳಿ ಅವರ ಮಾರಿ ಹ್ಯಾಂಗ ನೋಡ್ಲಿ? ಪಿಂಚಣಿ ಹೋದ್ರ ಹೋಗ್ಲಿ ಬಿಡ್ರಿ."

ಇಲಾಖೆಯ ಔದಾರ್ಯವನ್ನು ಹೀಗೆ ಮುಖದ ಮೇಲೆ ತಿರಸ್ಕರಿಸಿದ್ದು ಈ ಕಚೇರಿಯ ಸಿಬ್ಬಂದಿಗೆ ನೋವುಂಟುಮಾಡಿದೆ. ಆ ದಿನ ಯಾರೂ ಚಹಾ ಕುಡಿಯಲಿಲ್ಲ.

8. ಯಾರದೇ ಪಾಲು ಒಂದೂವರೆ ಲಕ್ಷ ದಾಟದಿರುವುದರಿಂದ ಹನ್ನೆರಡು ಜನರಿಗೂ ತೆರಿಗೆ ಬೀಳುವುದಿಲ್ಲ ಎಂಬುದನ್ನು ಇಲಾಖೆ ಒಪ್ಪುತ್ತದೆ. ಆದರೆ ಬೀಳದ ತೆರಿಗೆಗಳನ್ನೆಲ್ಲ ಒಬ್ಬರ ಖಾತೆಯಲ್ಲಿ ಕೂಡಿದಾಗ ಅವು ಬೀಳುತ್ತವೆ. ಆದ್ದರಿಂದ ಅಮೃತಬಾಯಿಯವರನ್ನು ತೆರಿಗೆದಾರರೆಂದು ಘೋಷಿಸಿ ಅಭಿನಂದಿಸಲಾಗಿದೆ. ತೆರಿಗೆದಾರರಿಗೆ ವಿಧವಾ ಪಿಂಚಣಿ ಸಲ್ಲದು. ಜೂನ್ ತಿಂಗಳಿಂದ ಸದರಿ ಪಿಂಚಣಿಯ ಮಾಸಿಕ ಎರಡು ಸಾವಿರದ ಹದಿನಾರು ರೂಪಾಯಿಯನ್ನು ನಿಲ್ಲಿಸಲಾಗಿದೆ. ಮೊಣಕಾಲಿನ ಗುಳಿಗೆ, ಅಕ್ಕಿ, ಎಣ್ಣೆ ಎಲ್ಲವೂ ಅದರಲ್ಲೇ ನಡೆಯುತ್ತಿತ್ತೆಂದು ಮಗಳು ತಿಳಿಸಿದ್ದಾರೆ. ಹದಿನೇಳು ಲಕ್ಷದ ಒಡತಿಗೆ ಗುಳಿಗೆ ಕೊಳ್ಳಲು ಆಗುವುದಿಲ್ಲ ಎಂಬುದನ್ನು ಕಂಪ್ಯೂಟರ್ ನಂಬುವುದಿಲ್ಲ.

9. ಇಷ್ಟಕ್ಕೇ ಪ್ರಕರಣ ಮುಗಿಯಬೇಕಿತ್ತು. ಆದರೆ ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳ ಮೊದಲ ವಾರದಲ್ಲಿ ಸದರಿ ಖಾತೆಗೆ ಹನ್ನೆರಡು ಕಡೆಯಿಂದ ತಲಾ ನೂರ ಅರವತ್ತೆಂಟು ರೂಪಾಯಿ ಜಮೆಯಾಗಿರುವುದು ಕಂಡುಬಂದಿದೆ. ಒಂದು ನಾರಾಯಣಖೇಡದ ಕಿರಾಣಿ ಅಂಗಡಿಯಿಂದ, ಒಂದು ಜಹೀರಾಬಾದಿನ ಕಬ್ಬಿನ ಗದ್ದೆಯ ಪಕ್ಕದ ಚಹಾ ಹೋಟೆಲಿನಿಂದ, ಒಂದು ಗುಂಡಮ್ಮ ಎಂಬ ಅಪರಿಚಿತರ ಫೋನಿನಿಂದ. ಮಂದೆ ಹೋದಲ್ಲೆಲ್ಲ ಯಾರದೋ ಕೈಗೆ ನಗದು ಕೊಟ್ಟು ಹಾಕಿಸಲಾಗಿದೆ. ಇಷ್ಟು ವಿಚಿತ್ರ ಮೊತ್ತ ಏಕೆಂದು ಪತ್ತೆ ಹಚ್ಚಲು ಇಬ್ಬರು ಗುಮಾಸ್ತರನ್ನು ನೇಮಿಸಲಾಯಿತು. ನೂರ ಅರವತ್ತೆಂಟನ್ನು ಹನ್ನೆರಡರಿಂದ ಗುಣಿಸಿದಾಗ ನಿಲ್ಲಿಸಿದ ಪಿಂಚಣಿಯ ಮೊತ್ತವೇ, ಒಂದು ರೂಪಾಯಿಯೂ ಹೆಚ್ಚುಕಡಿಮೆಯಿಲ್ಲದೆ ಬರುತ್ತದೆಂದು ಅವರು ಎರಡು ವಾರಗಳಲ್ಲಿ ವರದಿ ಮಾಡಿದ್ದಾರೆ.

ಧರ್ಮಣ್ಣನವರನ್ನು ಫೋನಿನಲ್ಲಿ ವಿಚಾರಿಸಲಾಗಿ, "ನಮ್ಮ ರೊಕ್ಕದಿಂದ ಆಕಿ ಪಿಂಚಣಿ ಹೋಗ್ಯಾದ್ರಿ. ಅದಕ್ಕ ನಾವೇ ಹಾಕ್ತೀವಿ" ಎಂದು ಯಾವ ಅಳುಕೂ ಇಲ್ಲದೆ ಒಪ್ಪಿಕೊಂಡಿರುತ್ತಾರೆ.

10. ಒಬ್ಬರಿಂದ ಪ್ರತಿ ತಿಂಗಳು ತಪ್ಪದೆ ಬರುವ ನಿಗದಿತ ಮೊತ್ತಕ್ಕೆ ಇಲಾಖೆಯ ಭಾಷೆಯಲ್ಲಿ ಸಂಬಳ ಎನ್ನುತ್ತಾರೆ. ಆದ್ದರಿಂದ ಅಮೃತಬಾಯಿಯವರನ್ನು ಹನ್ನೆರಡು ಕುರಿ ಸಾಕಣೆದಾರರ ಕೈಕೆಳಗಿನ ಪೂರ್ಣಾವಧಿ ನೌಕರರೆಂದು ಈ ಮೂಲಕ ಪರಿಗಣಿಸಲಾಗಿದೆ. ಸದರಿ ಹನ್ನೆರಡು ಉದ್ಯೋಗದಾತರು ತೆರಿಗೆ ಕಡಿತದ ನೋಂದಣಿ ಸಂಖ್ಯೆ ಪಡೆದು, ತಮ್ಮ ನೌಕರರ ಕೆಲಸದ ವೇಳೆ, ರಜೆ ಮತ್ತು ಹುದ್ದೆಯ ಹೆಸರನ್ನು ತಿಳಿಸತಕ್ಕದ್ದು. ಹುದ್ದೆಯ ಹೆಸರನ್ನು ಫೋನಿನಲ್ಲಿ ಮುಂಗಡವಾಗಿ ಕೇಳಿದಾಗ ಧರ್ಮಣ್ಣನವರು "ನಮ್ಮ ಅಮೃತಕ್ಕ" ಎಂದಿರುವುದನ್ನು ಒಪ್ಪಲಾಗದು. ಅಂಥ ಹುದ್ದೆ ಮಂಜೂರಾಗಿಲ್ಲ.

11. ಕೊನೆಯ ದಿನಾಂಕವನ್ನು ಯಾವುದೇ ಕಾರಣಕ್ಕೂ ಮುಂದೂಡುವುದಿಲ್ಲ ಎಂಬ ಪ್ರಕಟಣೆಯನ್ನು, ಮುಂದೂಡಿದ ಮರುದಿನ ಹೊರಡಿಸಲಾಗುವುದು.

ಮೇಲಿನ ನಿಯಮಗಳು ಮುಂದಿನ ಬದಲಾವಣೆಯವರೆಗೆ, ಅಥವಾ ಜನರಿಗೆ ಅರ್ಥವಾಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಜಾರಿಯಲ್ಲಿರುತ್ತವೆ.

(ಸಹಿ ಇದೆ, ಓದಲಾಗುವುದಿಲ್ಲ)
ವೈಜಿನಾಥ
ಉಪ ನಿಗಾ ಅಧಿಕಾರಿ (ಹೆಚ್ಚುವರಿ ಪ್ರಭಾರ)
ಗಡಿ ಉಪಕಚೇರಿ, ಜಹೀರಾಬಾದ್

ಪ್ರತಿಗಳು:
1. ಮೇಲಧಿಕಾರಿಗಳಿಗೆ, ಆದರಪೂರ್ವಕವಾಗಿ. ಓದುವ ಅಗತ್ಯವಿಲ್ಲ.
2. ನಾರಾಯಣಖೇಡ ಮತ್ತು ತಾಂಡೂರು ಸಹಾಯ ಶಿಬಿರಗಳಿಗೆ, ಗೋಡೆಗೆ ಅಂಟಿಸಲು. ಅಂಟು ಸ್ಥಳೀಯವಾಗಿ ಹೊಂದಿಸಿಕೊಳ್ಳತಕ್ಕದ್ದು.
3. ಪಿಂಚಣಿ ವಿಭಾಗಕ್ಕೆ, ತಿಂಗಳಿಗೆ ಎರಡು ಸಾವಿರದ ಹದಿನಾರು ರೂಪಾಯಿ ಉಳಿತಾಯವಾದ ಬಗ್ಗೆ ಮೆಚ್ಚುಗೆಯೊಂದಿಗೆ.
4. ಕಂಪ್ಯೂಟರಿಗೆ.
5. ಹನ್ನೆರಡು ಉದ್ಯೋಗದಾತರಿಗೆ, ನೋಟಿಸು ಸಹಿತ. ಮನೆಗಳಿಗೆ ಬೀಗ ಹಾಕಿರುವುದರಿಂದಲೂ, ಹಟ್ಟಿಯಲ್ಲಿ ಬೇರೆ ಯಾರನ್ನೂ ನಂಬಿ ಕೊಡುವಂತಿಲ್ಲದಿರುವುದರಿಂದಲೂ, ಹನ್ನೆರಡೂ ಲಕೋಟೆಗಳನ್ನು ಶ್ರೀಮತಿ ಅಮೃತಬಾಯಿ ಇವರ ವಶಕ್ಕೆ ಒಪ್ಪಿಸಲಾಗಿದೆ. ಮಂದೆ ಮರಳುವವರೆಗೆ ಜೋಪಾನವಾಗಿ ಇಟ್ಟುಕೊಳ್ಳುವಂತೆ ಇಲಾಖೆ ಅವರನ್ನು ಕೋರಿದೆ.